ಹುತ್ತದ ಮೇಲಿನ ಕುಮ್ಮ್, ಮರದ ಮೇಲಿನ ಚಿಗಳಿ: ಕೊಡಗಿನ ಕಾಡಿನ ಊಟವನ್ನು ಅರಿಯುವುದು ಹೇಗೆ?

ಜಡಿಮಳೆ ಒಂದು ಗಳಿಗೆ ಬಿಡುವು ಕೊಟ್ಟರೆ ಸಾಕು, ಗೋಣಿಕೊಪ್ಪದಿಂದ ಕುಟ್ಟದ ಕಡೆಗೆ ಹೋಗುವ ರಸ್ತೆ ಬದಿಯಲ್ಲಿ ಯಾರಾದರೂ ಎಲೆಯ ಮೇಲೆ ಅಣಬೆ ಹರವಿಕೊಂಡು ಕೂತಿರುತ್ತಾರೆ. ಕಾಲಿಗೆ ಮಣ್ಣು ಮೆತ್ತಿದ, ತುದಿ ಚೂಪಾದ ಬೂದುಬಿಳಿ ಕೊಡೆಗಳು. ಊರಿನವರು ಬಂದು ಒಂದನ್ನು ಎತ್ತಿ, ತಿರುವಿ, ಮೂಸಿ ನೋಡಿ ಕೊಂಡು ಹೋಗುತ್ತಾರೆ. ಪ್ರವಾಸಕ್ಕೆ ಬಂದವರು ಕಾರು ನಿಲ್ಲಿಸಿ, "ಇದು ತಿನ್ನೋದಾ? ಹೇಗೆ ಗೊತ್ತಾಗುತ್ತೆ?" ಎಂದು ಕೇಳುತ್ತಾರೆ. "ಹುತ್ತದ ಮೇಲಿಂದ ಕಿತ್ತದ್ದು" ಎನ್ನುತ್ತಾರೆ ಮಾರುವವರು. ಕೇಳಿದವರಿಗೆ ಅದು ಉತ್ತರವೆಂದೇ ಅನಿಸುವುದಿಲ್ಲ. ಆದರೆ ಆ ಮೂರು ಪದಗಳೊಳಗೆ ಬಹಳಷ್ಟು ವಿಷಯ ಅಡಗಿದೆ.

ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಯಾವ ಗದ್ದೆ ಬರೆಯಲ್ಲಿ, ಯಾವ ಹುತ್ತದ ಬಳಿ, ಎಷ್ಟನೇ ಮಳೆಗೆ ಏನು ಏಳುತ್ತದೆ ಎಂಬುದನ್ನು ಮಕ್ಕಳು ಹಿರಿಯರ ಹಿಂದೆ ಬುಟ್ಟಿ ಹಿಡಿದು ನಡೆದೇ ಕಲಿಯುತ್ತಿದ್ದರು. ಈಗ ಹಾಗಿಲ್ಲ. ಕಾಡಿನ ಊಟದ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ಆಸೆಪಟ್ಟವರು ಹೋಂಸ್ಟೇ ಹಿತ್ತಲಿನಲ್ಲೇ ಹುಡುಕಲು ಹೊರಡುತ್ತಾರೆ. ಕಾಫಿ ತೋಟದ ಲೈನ್‌ಮನೆಗಳಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ಅಸ್ಸಾಂ, ಜಾರ್ಖಂಡ್, ಒಡಿಶಾಗಳಿಂದ ಬಂದ ಕುಟುಂಬಗಳು ತಮ್ಮೂರಿನ ಅಣಬೆಯ ನೆನಪಿನಲ್ಲಿ ಇಲ್ಲಿಯದನ್ನು ಕೀಳುತ್ತವೆ. ಮಡಿಕೇರಿ, ಮೈಸೂರು, ಬೆಂಗಳೂರಿನ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳಿಗೆ ಹೆಸರುಗಳೇ ಗೊತ್ತಿಲ್ಲ. ತಿನ್ನುವವರು ಹೆಚ್ಚುತ್ತಿರುವಾಗ ತಿಳಿದವರು ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಕುಮ್ಮ್ ಎಂಬ ಅಣಬೆಯಿಂದ ಹಿಡಿದು ಚಿಗಳಿ ಎಂಬ ಕೆಂಪಿರುವೆಯವರೆಗೆ, ಬುಡದಿಂದಲೇ ಆರಂಭಿಸೋಣ.

ಅಣಬೆ ಎಂದರೆ ಏನು?

ಒಂದು ಹಲಸಿನ ಮರ ಬೇರು, ಕಾಂಡ, ಕೊಂಬೆಗಳ ಸಮೇತ ಮಣ್ಣಿನೊಳಗೆ ಹುದುಗಿದೆ, ವರ್ಷಕ್ಕೊಮ್ಮೆ ಹಲಸಿನ ಹಣ್ಣು ಮಾತ್ರ ನೆಲದ ಮೇಲೆ ಬಂದು ಕೂರುತ್ತದೆ ಎಂದುಕೊಳ್ಳಿ. ಅಣಬೆಯ ಸ್ಥಿತಿ ಅದೇ. ನಾವು ಕೀಳುವ ಕೊಡೆ ಅದರ ಹಣ್ಣು. ನಿಜವಾದ ಜೀವಿ ಮಣ್ಣಿನಲ್ಲೋ ಕೊಳೆತ ಮರದಲ್ಲೋ ಹರಡಿರುವ ಬಿಳಿ ಎಳೆಗಳ ಜಾಲ. ತೇವ ಮತ್ತು ತಂಪು ಒಟ್ಟಿಗೆ ಸೇರಿದಾಗ ಆ ಜಾಲ ಗಂಟು ಕಟ್ಟಿ, ಆ ಗಂಟು ನೀರು ಕುಡಿದು ಉಬ್ಬಿ, ರಾತ್ರಿ ಬೆಳಗಾಗುವುದರೊಳಗೆ ಕೊಡೆ ಬಿಚ್ಚುತ್ತದೆ. ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿದ ಪದರಗಳಿರುತ್ತವೆ. ಅಲ್ಲಿಂದ ಉದುರುವ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯೇ ಅದರ ಬೀಜ.

ಅಣಬೆಯನ್ನು ನಾವು ತರಕಾರಿಯ ಸಾಲಿಗೆ ಸೇರಿಸಿದ್ದೇವೆ. ಅದು ಸಸ್ಯವಲ್ಲ. ಹಸಿರಿಲ್ಲ, ಬಿಸಿಲಿನಿಂದ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಬೇರೆಯವರು ಮಾಡಿಟ್ಟದ್ದನ್ನೇ ಉಣ್ಣಬೇಕು. ವಂಶವೃಕ್ಷದಲ್ಲಿ ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅದರ ಗೋಡೆ ಕಟ್ಟಿರುವುದು ಕೈಟಿನ್ ಎಂಬ ವಸ್ತುವಿನಿಂದ. ಗದ್ದೆಯ ಞಂಡಿನ, ಅಂದರೆ ಏಡಿಯ, ಚಿಪ್ಪಿನಲ್ಲಿರುವುದೂ ಇದೇ, ಇರುವೆಯ ಮೈಕವಚದಲ್ಲಿರುವುದೂ ಇದೇ. ಕಾಡಿನ ಅಣಬೆ ಮತ್ತು ಕಾಡಿನ ಹುಳವನ್ನು ಒಂದೇ ಲೇಖನದಲ್ಲಿ ಸೇರಿಸಲು ಇದೊಂದು ಕಾರಣ. ಇನ್ನೊಂದು ಕಾರಣ ಹುತ್ತದೊಳಗಿದೆ.

ಹುತ್ತದೊಳಗಿನ ತೋಟ

ಕೊಡಗಿನ ಮನೆಗಳಲ್ಲಿ ಹೆಚ್ಚು ಪ್ರೀತಿಯಿಂದ ತಿನ್ನುವ ಅಣಬೆಗಳಲ್ಲಿ ಹಲವು ಟರ್ಮಿಟೊಮೈಸಿಸ್ ಎಂಬ ಕುಲಕ್ಕೆ ಸೇರಿದವು. ಹೆಸರಿನಲ್ಲೇ ಗೆದ್ದಲಿದೆ: ಟರ್ಮೈಟ್ ಎಂದರೆ ಗೆದ್ದಲು. ಈ ಅಣಬೆಗಳು ತಾವಾಗಿಯೇ ಕಾಡಿನಲ್ಲಿ ಬೆಳೆದವಲ್ಲ, ಗೆದ್ದಲು ಸಾಕಿದವು.

ಗೆದ್ದಲು ಒಣ ಎಲೆ, ತರಗು, ಸತ್ತ ಕಟ್ಟಿಗೆಯನ್ನು ಕೊರೆದು ನುಂಗುತ್ತದೆ. ಕಟ್ಟಿಗೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಟು ಇರುತ್ತದೆ. ಅದನ್ನು ಅರಗಿಸುವುದು ಈ ಗೆದ್ದಲುಗಳಿಗೆ ಕಷ್ಟ. ಹಾಗಾಗಿ ಅರ್ಧಂಬರ್ಧ ಅರಗಿದ ಹಿಕ್ಕೆಯನ್ನು ಹುತ್ತದೊಳಗಿನ ಕೋಣೆಗಳಲ್ಲಿ ಪೇರಿಸುತ್ತವೆ. ಸ್ಪಂಜಿನಂತೆ ತೂತುತೂತಾದ, ಬೂದು ಬಣ್ಣದ ಗೂಡು ತಯಾರಾಗುತ್ತದೆ. ಹುತ್ತ ಅಗೆದವರು ಅದನ್ನು ನೋಡಿಯೇ ಇರುತ್ತಾರೆ. ಆ ಗೂಡಿನ ಮೇಲೆ ಶಿಲೀಂಧ್ರದ ಎಳೆಗಳು ಹಬ್ಬಿ, ಗೆದ್ದಲಿಗೆ ಬಗ್ಗದ ಲಿಗ್ನಿನ್ನನ್ನು ಮೆತ್ತಗೆ ಮಾಡುತ್ತವೆ. ಸಾಬಕ್ಕಿ ಕಾಳಿನಂಥ ಬಿಳಿ ಗುಂಡುಗಳು ಮೂಡುತ್ತವೆ. ಗೆದ್ದಲು ಆ ಗುಂಡುಗಳನ್ನೂ ಹದವಾದ ಹಳೆಯ ಗೂಡನ್ನೂ ತಿನ್ನುತ್ತದೆ. ನಾವು ಹಸುವಿನ ಗೊಬ್ಬರ ಹಾಕಿ ಕಾಫಿ ಬೆಳೆಯುತ್ತೇವೆ. ಅದು ತನ್ನದೇ ಗೊಬ್ಬರ ಹಾಕಿ ಅಣಬೆ ಬೆಳೆಯುತ್ತದೆ. ಈ ಬೇಸಾಯ ಸುಮಾರು 3 ಕೋಟಿ ವರ್ಷ ಹಳೆಯದು, ಆರಂಭವಾದದ್ದು ಆಫ್ರಿಕಾದಲ್ಲಿ ಎಂಬುದು ವಿಜ್ಞಾನಿಗಳ ಲೆಕ್ಕ. ಮನುಷ್ಯನ ಬೇಸಾಯಕ್ಕೆ ಹೆಚ್ಚೆಂದರೆ ಹನ್ನೆರಡು ಸಾವಿರ ವರ್ಷ.

ಮಳೆಗಾಲದಲ್ಲಿ, ನೆಲದಡಿಯ ಆ ಗೂಡಿನಿಂದ ಅಣಬೆ ಮೇಲಕ್ಕೆ ಹೊರಡುತ್ತದೆ. ಹಾದಿ ದೂರದ್ದು, ಕೆಲವೊಮ್ಮೆ ಒಂದು ಮೊಳಕ್ಕೂ ಹೆಚ್ಚು. ಅದಕ್ಕಾಗಿಯೇ ಕೊಡೆಯ ನೆತ್ತಿಯಲ್ಲಿ ಮಣ್ಣು ಸೀಳಲು ಚೂಪಾದ, ಗಟ್ಟಿಯಾದ ಮೊನೆ. ಅದಕ್ಕಾಗಿಯೇ ಕಾಂಡದ ಕೆಳಗೆ ಬಾಲದಂತೆ ಉದ್ದಕ್ಕೆ ಇಳಿಯುವ ಬೇರು. "ಹುತ್ತದ ಮೇಲಿಂದ ಕಿತ್ತದ್ದು" ಎಂದಾಗ ಮಾರುವವರು ಹೇಳುತ್ತಿರುವುದು ಈ ಇಡೀ ಸಂಬಂಧವನ್ನು. ಅಣಬೆಯ ಹೆಸರಿನ ಜೊತೆಗೆ ಅದರ ವಿಳಾಸವನ್ನೂ ಕೊಟ್ಟರು.

ಮಾರುಕಟ್ಟೆಯಲ್ಲಿ ವರ್ಷವಿಡೀ ಸಿಗುವ ಬಟನ್ ಅಣಬೆಯಂತೆ ಇದನ್ನು ಶೆಡ್ಡಿನಲ್ಲಿ ಬೆಳೆಯಬಾರದೇ? ಲಾಭಕ್ಕೆ ಬೆಳೆಯುವ ಹದ ಇನ್ನೂ ಕೈಗೆ ಸಿಕ್ಕಿಲ್ಲ. ಎಳೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು, ಕೊಡೆ ಬಿಚ್ಚಿಸುವುದೇ ಕಷ್ಟ. ಗೆದ್ದಲಿಲ್ಲದೆ ಅದು ಸುಲಭಕ್ಕೆ ಮೇಲೇಳದು. ನೂರಾರು ರೂಪಾಯಿ ಕೊಟ್ಟು ನಾವು ಕೊಳ್ಳುವುದು ಹುತ್ತದ ಕೆಲಸಗಾರರ ದುಡಿಮೆಯನ್ನು.

ಇದೇ ಹುತ್ತದಿಂದ ಇನ್ನೊಂದು ಊಟವೂ ಹೊರಡುತ್ತದೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳಗಳು, ಅಂದರೆ ಈಸಲು ಹುಳ, ಗೆದ್ದಲಿನ ಗಂಡು ಹೆಣ್ಣುಗಳೇ. ಹೊಸ ಮನೆ ಹೂಡಲು ಹೊರಟವು. ನೆಲಕ್ಕಿಳಿದು, ರೆಕ್ಕೆ ಕಳಚಿ, ಜೋಡಿಯಾಗಿ ಮಣ್ಣು ಹೊಕ್ಕು ಸಂಸಾರ ಆರಂಭಿಸುತ್ತವೆ. ಬಹುಪಾಲು ಜಾತಿಗಳಲ್ಲಿ ಈ ಹೊಸ ದಂಪತಿ ತವರಿನಿಂದ ಶಿಲೀಂಧ್ರವನ್ನು ಒಯ್ಯುವುದಿಲ್ಲ. ಮೊದಲ ಕೆಲಸಗಾರ ಮರಿಗಳು ಬೆಳೆದು ಹೊರಗೆ ಬಂದಾಗ, ತರಗೆಲೆಯ ಜೊತೆ ಅಣಬೆಯ ಬೀಜದ ಪುಡಿಯನ್ನು ಹೊತ್ತು ತರಬೇಕು. ಆ ಹೊತ್ತಿಗೆ ಹಳೆಯ ಹುತ್ತಗಳ ಮೇಲೆ ಅಣಬೆ ಅರಳಿ ಪುಡಿ ಉದುರಿಸಿರಬೇಕು. ಕಂಡದ್ದನ್ನೆಲ್ಲ ಕೀಳಬಾರದು, ಅರಳಿ ಹಳತಾದದ್ದನ್ನು ಅಲ್ಲೇ ಬಿಡಬೇಕು ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಇಂಥ ಲೆಕ್ಕವಿದೆ. ಆಸೆಗೆ ಹುತ್ತ ಅಗೆದು ಗೂಡನ್ನೇ ಕಿತ್ತರೆ ಮುಂದಿನ ವರ್ಷ ಅಲ್ಲಿ ಏನೂ ಇರುವುದಿಲ್ಲ.

ಕುಮ್ಮ್‌ಗೆ ಹಲವು ಹೆಸರು

ಕೊಡವ ತಕ್ಕಿನಲ್ಲಿ ಅಣಬೆಗೆ ಕುಮ್ಮ್ ಎನ್ನುತ್ತಾರೆ. ನುಚ್ಚಕ್ಕಿ ಚೆಲ್ಲಿದಂತೆ ಹಿಂಡಾಗಿ ಏಳುವ ಪುಟ್ಟ ಬಿಳಿ ಅಣಬೆ ನುಚ್ಚಿ ಕುಮ್ಮ್. ಅಂಥ ಪುಟಾಣಿ ಜಾತಿಯೊಂದು, ಗೆದ್ದಲು ಹೊರಗೆ ತಂದು ಹಾಕಿದ ಹಳೆಯ ಗೂಡಿನ ಚೂರುಗಳಿಂದ ಏಳುತ್ತದೆ. ಆಲಂದಿ ಕುಮ್ಮ್ ಎಂಬ ಹೆಸರೂ ಅಡುಗೆ ಮನೆಗಳಲ್ಲಿ ಕೇಳಿಬರುತ್ತದೆ. ಬೆಟ್ಟ ಇಳಿದು ತುಳುನಾಡಿಗೆ ಹೋದರೆ ಅಣಬೆ ಅಲಂಬು ಆಗುತ್ತದೆ. ಅಲ್ಲಿ ಮುರಕಲ್ಲಿನ ನೆಲದಲ್ಲಿ ಸಿಗುವ ಉಂಡೆಯಂಥ ಕಲ್ಲಲಂಬು ಬೇರೆಯೇ ಕುಲದ್ದು, ಗೆದ್ದಲಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಎರಡು ಕಣಿವೆ ದಾಟಿದರೆ ಬದಲಾಗಬಹುದು, ಕೆಲವೊಮ್ಮೆ ಒಂದೇ ಹೆಸರು ಎರಡು ಬೇರೆ ಅಣಬೆಗಳಿಗಿರಬಹುದು. ಹಾಗಾಗಿ ಹೆಸರೊಂದನ್ನೇ ನಂಬಬಾರದು. ಯಾವ ಊರಿನಲ್ಲಿ, ಯಾರ ಬಾಯಲ್ಲಿ ಬಂದ ಹೆಸರು ಎಂಬುದೂ ಮುಖ್ಯ.

ವಿಷದ ಅಣಬೆ ದೇಹದಲ್ಲಿ ಏನು ಮಾಡುತ್ತದೆ?

ಎಲ್ಲ ವಿಷವೂ ಒಂದೇ ಬಗೆಯದ್ದಲ್ಲ.

ಮಳೆಗಾಲದಲ್ಲಿ ಬಂಗಲೆಗಳ ಹುಲ್ಲುಹಾಸಿನ ಮೇಲೆ, ಗೊಬ್ಬರ ಹಾಕಿದ ಜಾಗದಲ್ಲಿ ಅಂಗೈಗಿಂತ ಅಗಲದ, ಮೇಲೆ ಕಂದು ಚಕ್ಕೆಗಳಿರುವ ಬಿಳಿ ಕೊಡೆ ಏಳುವುದುಂಟು. ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಎಂಬುದು ಅಂಥದ್ದೇ. ನೋಡಲು ಬಲು ಚೆಂದ, ಎಳೆಯದರಲ್ಲಿ ಒಳ್ಳೆಯ ಅಣಬೆಯಂತೆಯೇ ಕಾಣುತ್ತದೆ. ಬಲಿತ ಮೇಲೆ ಕೊಡೆಯ ಅಡಿಯ ಪದರ ಹಸಿರು ಛಾಯೆಗೆ ತಿರುಗುತ್ತದೆ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆನೋವು. ಬಿಸಿಲು ಪ್ರದೇಶಗಳಲ್ಲಿ ಜನ ಹೆಚ್ಚಾಗಿ ಮೋಸ ಹೋಗುವುದು ಇದಕ್ಕೇ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಆದರೆ ಮಕ್ಕಳು, ವಯಸ್ಸಾದವರು ನೀರಿನಂಶ ಕಳೆದುಕೊಂಡು ಸೋತುಹೋಗುತ್ತಾರೆ.

ಇನ್ನೊಂದು ಬಗೆ ಸದ್ದಿಲ್ಲದ್ದು. ಅಮಾನಿಟಾ ಕುಲದ ಕೆಲವು ಜಾತಿಗಳಲ್ಲಿ, ಬೇರೆ ಕೆಲವು ಸಣ್ಣ ಅಣಬೆಗಳಲ್ಲೂ, ಅಮಟಾಕ್ಸಿನ್ ಎಂಬ ವಿಷವಿದೆ. ಪ್ರಪಂಚದಲ್ಲಿ ಅಣಬೆ ತಿಂದು ಸಾಯುವವರಲ್ಲಿ ಬಹುಪಾಲು ಜನರ ಸಾವಿಗೆ ಕಾರಣ ಇದು. ಇದರ ಭಯಂಕರ ಗುಣವೆಂದರೆ ತಡ. ತಿಂದಾಗ ರುಚಿಯಾಗಿಯೇ ಇರುತ್ತದೆ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ತೀವ್ರ ವಾಂತಿ ಭೇದಿ. ನಂತರ ನಿಂತುಬಿಡುತ್ತದೆ! ವಾಸಿಯಾಯಿತು ಎಂದು ಮನೆಯವರು ಉಸಿರು ಬಿಡುತ್ತಾರೆ, ಆಸ್ಪತ್ರೆಯಿಂದಲೂ ಕರೆದುಕೊಂಡು ಬಂದುಬಿಡುತ್ತಾರೆ. ಒಳಗೆ ಲಿವರ್ ನಾಶವಾಗುತ್ತಿರುವುದು ಆ ನೆಮ್ಮದಿಯ ಹೊತ್ತಿನಲ್ಲೇ.

ಯಾಕೆ ಈ ತಡ? ತೋಟದ ಉದಾಹರಣೆ ತೆಗೆದುಕೊಳ್ಳೋಣ. ದೇಹದ ಪ್ರತಿ ಜೀವಕೋಶದಲ್ಲೂ ಒಂದು ಮೂಲ ಪುಸ್ತಕವಿದೆ, ಅದು ಬೀರುವಿನಿಂದ ಹೊರಗೆ ಬರುವುದಿಲ್ಲ. ಅದನ್ನು ನೋಡಿ ಆ ದಿನಕ್ಕೆ ಬೇಕಾದ ಕೆಲಸವನ್ನು ಚೀಟಿಗೆ ಇಳಿಸಿಕೊಡುವವನು ತೋಟದ ರೈಟರ್. ಚೀಟಿ ಹಿಡಿದು ಆಳುಗಳು ಕೆಲಸಕ್ಕೆ ಹೋಗುತ್ತಾರೆ. ಅಮಟಾಕ್ಸಿನ್ ಈ ರೈಟರ್‌ನ ಕೈ ಕಟ್ಟಿಹಾಕುತ್ತದೆ. ತಕ್ಷಣಕ್ಕೆ ಯಾರಿಗೂ ಗೊತ್ತಾಗುವುದಿಲ್ಲ, ಆಳುಗಳು ಹಿಂದಿನ ಚೀಟಿಗಳ ಕೆಲಸವನ್ನೇ ಮಾಡುತ್ತಿರುತ್ತಾರೆ. ಇದ್ದ ಚೀಟಿಗಳು ಮುಗಿದ ಮೇಲೆ ಒಂದೊಂದೇ ಕೆಲಸ ನಿಂತು ಇಡೀ ತೋಟ ಸ್ತಬ್ಧ. ಜೀವಕೋಶ ಸಾಯುವುದು ಹೀಗೆ. ಲಿವರ್ ಬಿಡುವಿಲ್ಲದೆ ಹೊಸ ಪ್ರೋಟೀನ್ ತಯಾರಿಸುವ ಅಂಗವಾದ್ದರಿಂದ ಮೊದಲ ಪೆಟ್ಟು ಅದಕ್ಕೆ. ಜೊತೆಗೆ ಲಿವರ್ ಆ ವಿಷವನ್ನು ಪಿತ್ತದ ಮೂಲಕ ಕರುಳಿಗೆ ಹೊರಹಾಕಿದರೆ, ಕರುಳು ಮತ್ತೆ ಹೀರಿ ಲಿವರಿಗೇ ಕಳಿಸುತ್ತದೆ. ಒಂದೇ ವಿಷ ಸುತ್ತು ಹೊಡೆಯುತ್ತ ಮತ್ತೆ ಮತ್ತೆ ಹೊಡೆಯುತ್ತದೆ. ಮಾರಕ ಜಾತಿಯ ಒಂದು ಕೊಡೆಯೇ ದೊಡ್ಡವರ ಜೀವಕ್ಕೆ ಕುತ್ತು ತರಲು ಸಾಕು.

ಇದು ದೂರದ ಯೂರೋಪಿನ ಮಾತಲ್ಲ. 2020ರಲ್ಲಿ ಮೇಘಾಲಯದ ಗಡಿಭಾಗದ ಹಳ್ಳಿಯೊಂದರಲ್ಲಿ ಕಾಡಿನ ಅಣಬೆ ತಿಂದು ಆರು ಜನ ತೀರಿಕೊಂಡರು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು. ತಲೆಮಾರುಗಳಿಂದ ಅಣಬೆ ತಿಂದು ಬೆಳೆದ ಜನ ಅವರು, ಅರಿಯದ ಪಟ್ಟಣಿಗರಲ್ಲ. ಇದನ್ನು ಬರೆಯುವಾಗ ನಮ್ಮ ಲೈನ್‌ಮನೆಗಳ ಮಕ್ಕಳ ಮುಖ ಕಣ್ಣ ಮುಂದೆ ಬರುತ್ತದೆ.

ಮೂರನೆಯ ಬಗೆಯನ್ನೂ ಹೇಳಿಬಿಡಬೇಕು, ಊಟದ ಜೊತೆ ಒಂದು ಪೆಗ್ ಇರುವ ನಾಡಿದು. ಬಲಿತ ಮೇಲೆ ಕಪ್ಪು ಮಸಿಯಾಗಿ ಕರಗುವ ಅಣಬೆಗಳಲ್ಲಿ ಒಂದೆರಡು ಜಾತಿ ತನ್ನಷ್ಟಕ್ಕೆ ತೊಂದರೆ ಕೊಡುವುದಿಲ್ಲ. ಅದರ ಜೊತೆ ಮದ್ಯ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ದೇಹ ಮದ್ಯವನ್ನು ಅರಗಿಸುವ ಹಾದಿಯನ್ನು ಅದು ಮಧ್ಯದಲ್ಲೇ ಮುಚ್ಚುತ್ತದೆ. ಅಣಬೆ ತಿಂದ ಎರಡು ಮೂರು ದಿನದ ನಂತರ ಕುಡಿದರೂ ಹೀಗಾಗಬಹುದು.

ಬೇಯಿಸಿದರೆ ವಿಷ ಹೋಗುವುದಿಲ್ಲವೇ?

ಈ ನಂಬಿಕೆ ನಮ್ಮಲ್ಲಿ ಬಲವಾಗಿರಲು ಒಳ್ಳೆಯ ಕಾರಣವೇ ಇದೆ: ಬೈಂಬಳೆ, ಅಂದರೆ ಕಣಿಲೆ. ಎಳೆ ಬಿದಿರಿನ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಅದಕ್ಕೇ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸಿ ನೆನೆಸಿ, ಬೇಯಿಸಿ ಬಸಿದು ಪಲ್ಯ ಮಾಡುತ್ತೇವೆ. ಆ ವಸ್ತು ನೀರಿಗೆ ಬಿಡುತ್ತದೆ, ಬಿಸಿಗೆ ಒಡೆಯುತ್ತದೆ, ಆವಿಯಾಗಿ ಹೋಗುತ್ತದೆ. ಅಮಟಾಕ್ಸಿನ್ ಹಾಗಲ್ಲ. ಅದು ಎಂಟು ಮಣಿಗಳನ್ನು ತುದಿಗೆ ತುದಿ ಬೆಸೆದ ಬಳೆಯಂಥ ರಚನೆ. ಸರವಾಗಿದ್ದರೆ ತುದಿಯಿಂದ ಬಿಚ್ಚಬಹುದಿತ್ತು, ಬಳೆಗೆ ತುದಿಯಿಲ್ಲ. ಕುದಿಸಿದರೂ, ಹುರಿದರೂ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೂ ಅದು ಹಾಗೇ ಉಳಿಯುತ್ತದೆ. ಅರಿಸಿನದ ನೀರಿನಲ್ಲಿ ತೊಳೆಯುವುದು ಮಣ್ಣು ಮತ್ತು ಹುಳಕ್ಕೆ ಒಳ್ಳೆಯದು. ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ರುಚಿಗೆ ಒಳ್ಳೆಯದು. ಈ ವಿಷದ ಮುಂದೆ ಎರಡೂ ನಡೆಯುವುದಿಲ್ಲ.

ಮನೆ ಪರೀಕ್ಷೆಗಳ ಕಥೆಯೂ ಇಷ್ಟೇ. ಬೆಳ್ಳಿ ಚಮಚ ಕಪ್ಪಾದರೆ ವಿಷ ಎನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ, ಮೊಟ್ಟೆಗೂ ಕಪ್ಪಾಗುತ್ತದೆ. ಅಮಟಾಕ್ಸಿನ್‌ಗೆ ಅದು ಬಣ್ಣ ಬದಲಿಸಬೇಕಾದ ಕಾರಣವಿಲ್ಲ. ಬೆಳ್ಳುಳ್ಳಿ ಅಥವಾ ಅಕ್ಕಿ ಹಾಕಿ ಬಣ್ಣ ನೋಡುವ ಪರೀಕ್ಷೆಗೂ ಅರ್ಥವಿಲ್ಲ. ಹುಳ, ಬಸವನಹುಳು ತಿಂದಿದ್ದರೆ ನಮಗೂ ಆಗುತ್ತದೆ ಎನ್ನುವವರಿದ್ದಾರೆ. ಮಾರಕ ಅಮಾನಿಟಾವನ್ನು ಬಸವನಹುಳು ಆರಾಮವಾಗಿ ಮೇಯುತ್ತದೆ. ಬಣ್ಣದ್ದು ವಿಷ, ಬಿಳಿಯದು ಒಳ್ಳೆಯದು ಎಂಬುದಂತೂ ತಿರುಗುಮುರುಗು: ಅತಿ ಮಾರಕವಾದ ಅಮಾನಿಟಾಗಳಲ್ಲಿ ಕೆಲವು ಹಾಲಿನಂತೆ ಬೆಳ್ಳಗಿವೆ.

ಹಾಗಾದರೆ ತಿಳಿದವರು ಹೇಗೆ ಗುರುತಿಸುತ್ತಾರೆ?

ನೆಂಟರ ಮನೆ ಮದುವೆಯ ನೂಕುನುಗ್ಗಲಿನಲ್ಲೂ ನಮ್ಮ ಚಿಕ್ಕಮ್ಮನನ್ನು ಹಿಂದಿನಿಂದಲೇ ಗುರುತಿಸುತ್ತೇವೆ. ಒಂದು ಲಕ್ಷಣದಿಂದಲ್ಲ, ನಡಿಗೆ, ಎತ್ತರ, ಸೀರೆ ಉಡುವ ರೀತಿ, ಜೊತೆಗಿರುವವರು ಎಲ್ಲ ಸೇರಿ. ಅಣಬೆ ಬಲ್ಲವರದ್ದೂ ಅದೇ ಕ್ರಮ. ಯಾವ ತಿಂಗಳು, ಎಷ್ಟು ಮಳೆಯ ನಂತರ, ಯಾವ ಮಣ್ಣು, ಒಂಟಿಯೋ ಹಿಂಡೋ, ನೆತ್ತಿ ಹೇಗಿದೆ, ಪದರದ ಬಣ್ಣ, ಕಾಲಿನ ಸುತ್ತ ಬಳೆಯಿದೆಯೋ, ಬುಡದಲ್ಲಿ ಏನಿದೆ, ವಾಸನೆ ಹೇಗೆ ಎಂಬುದೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ.

ಇವುಗಳಲ್ಲಿ ಬುಡ ಬಹಳ ಮುಖ್ಯ. ಹಲವು ಅಮಾನಿಟಾಗಳು ಎಳೆಯದರಲ್ಲಿ ಮೊಟ್ಟೆಯಂಥ ಪೊರೆಯೊಳಗಿರುತ್ತವೆ. ಅದನ್ನು ಒಡೆದು ಎದ್ದಾಗ ಆ ಪೊರೆ ಬುಡದಲ್ಲಿ ಬಟ್ಟಲಿನಂತೆ ಉಳಿಯುತ್ತದೆ, ಹೆಚ್ಚಾಗಿ ಮಣ್ಣಿನೊಳಗೆ. ಕಾಂಡ ಮುರಿದು ಕಿತ್ತವರಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಗೊತ್ತಿರುವವರು ಮೊದಲ ಅಣಬೆಯನ್ನು ಕಡ್ಡಿಯಿಂದ ಮಣ್ಣು ಸಡಿಲಿಸಿ ಬುಡಸಮೇತ ಎತ್ತುತ್ತಾರೆ. ಹುತ್ತದ ಅಣಬೆಗಾದರೆ ಬಟ್ಟಲಿನ ಬದಲು ಕೆಳಗಿಳಿಯುವ ಉದ್ದ ಬೇರು ಸಿಗುತ್ತದೆ. ಕೊಡೆಯನ್ನು ಕಾಗದದ ಮೇಲೆ ಬೋರಲಾಗಿಟ್ಟು, ಲೋಟ ಮುಚ್ಚಿ ರಾತ್ರಿ ಬಿಟ್ಟರೆ ಬೀಜದ ಪುಡಿ ಉದುರಿ ಚಿತ್ತಾರ ಮೂಡುತ್ತದೆ: ಹುತ್ತದ ಅಣಬೆಯದ್ದು ನಸುಗುಲಾಬಿ, ಅಮಾನಿಟಾದ್ದು ಬಿಳಿ, ಹುಲ್ಲುಹಾಸಿನ ಮೋಸಗಾರನದ್ದು ಹಸಿರು. ಇದನ್ನು ಓದಿಕೊಂಡು ಬುಟ್ಟಿ ಹಿಡಿದು ಹೊರಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗುಲಾಬಿ ಪುಡಿಯ ವಿಷದ ಅಣಬೆಗಳೂ ಇವೆ, ಹುತ್ತದ ಬದಿಯಲ್ಲಿ ಬೇರೆ ಅಣಬೆಯೂ ಏಳಬಹುದು, ಬೇರೆ ಜಾತಿಗೂ ಉದ್ದ ಬೇರಿರಬಹುದು. ಈ ಲಕ್ಷಣಗಳು ಬಲ್ಲವರ ಜೊತೆ ನಿಂತಾಗ ಏನು ನೋಡಬೇಕು ಎಂದು ತಿಳಿಯಲು ಮಾತ್ರ. ಫೋಟೋ ನೋಡಿ ಹೆಸರು ಹೇಳುವ ಮೊಬೈಲ್ ಆ್ಯಪ್‌ಗೆ ಮಣ್ಣಿನೊಳಗಿನ ಬುಡ ಕಾಣುವುದಿಲ್ಲ, ವಾಸನೆ ಬರುವುದಿಲ್ಲ.

ಈ ತಿಳಿವು ಊರು ಬಿಟ್ಟು ಊರಿಗೆ ಬಂದರೆ ಕೆಲಸ ಮಾಡದಿರಬಹುದು ಎಂಬುದೇ ದೊಡ್ಡ ಅಪಾಯ. ತಮ್ಮೂರಿನಲ್ಲಿ ಕಣ್ಣು ಮುಚ್ಚಿ ಕೀಳುತ್ತಿದ್ದ ಅಣಬೆಯ ರೂಪವನ್ನೇ ಹೋಲುವ, ಆದರೆ ಅದಲ್ಲದ ಅಣಬೆ ಇನ್ನೊಂದು ಕಾಡಿನಲ್ಲಿ ಇರಬಹುದು. ವಲಸೆ ಹೋದ ಅನುಭವಿಗಳೇ ಹೀಗೆ ವಿಷಕ್ಕೆ ಸಿಕ್ಕಿದ್ದು ಪ್ರಪಂಚದ ಹಲವೆಡೆ ನಡೆದಿದೆ. ತೋಟದವರು ಮಳೆಗಾಲದ ಆರಂಭದಲ್ಲಿ ಲೈನ್‌ಮನೆಗಳಲ್ಲಿ ಇದನ್ನು ಅವರ ಭಾಷೆಯಲ್ಲಿ ಹೇಳಿದರೆ ಒಂದು ಮನೆ ಉಳಿಯಬಹುದು.

ಚಿಗಳಿ, ಈಸಲು, ಜೇನಿನ ಮರಿ

ಹುಳದ ವಿಷಯದಲ್ಲಿ ಪರಿಸ್ಥಿತಿ ಬೇರೆ. ಕಾಫಿ ಕೊಯ್ಯುವವರ ಕುತ್ತಿಗೆಗೆ ಇಳಿದು ಕಚ್ಚುವ, ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಪು ಚಿಗಳಿ ಇರುವೆ ಕೊಡಗಿನಲ್ಲೂ ಅದೇ ಜಾತಿ, ಒಡಿಶಾದಲ್ಲೂ ಅದೇ ಜಾತಿ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಮನೆಗಳಲ್ಲೂ ಚಿಗಳಿ ಚಟ್ನಿ ಅರೆಯುತ್ತಾರೆ. ಅಣಬೆಯ ತಿಳಿವು ಗಡಿ ದಾಟಿದರೆ ಎಡವುತ್ತದೆ, ಚಿಗಳಿಯದ್ದು ದಾಟಬಲ್ಲದು, ಯಾಕೆಂದರೆ ಅದನ್ನು ಬೇರೆಯದಕ್ಕೆ ತಪ್ಪಿ ಗುರುತಿಸುವುದು ಕಷ್ಟ. ಎಲೆಯ ಗೂಡು, ಮರಿಗಳ ರೇಷ್ಮೆಯಿಂದ ಹಾಕಿದ ಹೊಲಿಗೆ, ಮೈಬಣ್ಣ, ಕಚ್ಚುವ ರೀತಿ ಎಲ್ಲ ಸಾಕ್ಷಿ ಹೇಳುತ್ತವೆ. ಹುಳಿ ರುಚಿ ಅದು ಚಿಮ್ಮಿಸುವ ಫಾರ್ಮಿಕ್ ಆಮ್ಲದ್ದು. ಹುಣಸೆಗೆ ಬದಲಾಗಿ ಅದೇ ಚಟ್ನಿಯ ಹುಳಿ.

ಕೊಡವರ, ಅರೆಭಾಷೆ ಗೌಡರ ಅಡುಗೆಯಲ್ಲಿ ಹುಳಕ್ಕೆ ಹೇಳಿಕೊಳ್ಳುವಂಥ ಜಾಗವಿಲ್ಲ. ಜೇನುಕುರುಬರಂಥ ಕಾಡಿನ ಜನ ಹೆಜ್ಜೇನು ಇಳಿಸುವಾಗ ಮರಿಯಿರುವ ಎರಿಯನ್ನೂ ತಿನ್ನುವುದುಂಟು. ಈಸಲು ಹುಳವನ್ನು ದೀಪದಡಿ ನೀರಿನ ಬಾಣಲೆ ಇಟ್ಟು ಹಿಡಿದು, ರೆಕ್ಕೆ ಕೇರಿ, ಉಪ್ಪು ಹಾಕಿ ಹುರಿದು ತಿನ್ನುವ ರೂಢಿ ಬಯಲುಸೀಮೆಯ ಹಳ್ಳಿಗಳಲ್ಲಿದೆ. ಕೊಬ್ಬು ತುಂಬಿದ ಹುಳ ಅದು, ಹೊಸ ಸಂಸಾರಕ್ಕೆಂದು ಮೈಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಟಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು 200 ಕೋಟಿ ಜನರ ಊಟದಲ್ಲಿ ಹುಳಗಳಿಗೆ ಸ್ಥಾನವಿದೆ, ತಿನ್ನುವ ಜಾತಿಗಳ ಸಂಖ್ಯೆ 1,900ಕ್ಕೂ ಹೆಚ್ಚು. ಯೂರೋಪ್ ಒಕ್ಕೂಟ 2021ರಲ್ಲಿ, ಸಿಂಗಪುರ 2024ರಲ್ಲಿ ಕೆಲವು ಸಾಕಿದ ಹುಳಗಳನ್ನು ಆಹಾರವೆಂದು ಒಪ್ಪಿದವು. ಅಸಹ್ಯವೆಂದು ಮೂಗು ಮುರಿಯುವ ಮೊದಲು ನೆನೆಯಬೇಕಾದದ್ದು, ಮಳೆಗಾಲದ ಕಕ್ಕಡ ತಿಂಗಳಲ್ಲಿ ಞಂಡ್ ಕರಿಯನ್ನು ಚಪ್ಪರಿಸುವ ನಾವು ಅದರ ದಾಯಾದಿಯನ್ನೇ ತಿನ್ನುತ್ತಿರುತ್ತೇವೆ. ಏಡಿ, ಸಿಗಡಿ, ಹುಳಗಳೆಲ್ಲ ಸಂದುಗಾಲಿನ ಒಂದೇ ದೊಡ್ಡ ಕುಟುಂಬ.

ಈ ದಾಯಾದಿತನಕ್ಕೆ ಅಪಾಯವೂ ಅಂಟಿಕೊಂಡಿದೆ. ಏಡಿ, ಸಿಗಡಿ ತಿಂದರೆ ಮೈ ತುರಿಸುವ, ಉಸಿರು ಕಟ್ಟುವ ಅಲರ್ಜಿ ಇರುವವರಿಗೆ ಹುಳ ತಿಂದರೂ ಹಾಗಾಗಬಹುದು. ಅಲರ್ಜಿ ತರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ರೋಮವಿರುವ ಕಂಬಳಿಹುಳ, ವಿಷದ ಗಿಡ ಮೇಯುವ ಹುಳ, ಮೈಗೆ ತಾಗಿದರೆ ಬೊಬ್ಬೆ ಎಬ್ಬಿಸುವ ಜೀರುಂಡೆಗಳು ತಿನ್ನುವ ಸಾಲಿಗೆ ಬರುವುದಿಲ್ಲ. ಹಸಿಯಾಗಿ ತಿನ್ನುವುದಕ್ಕಿಂತ ಹುರಿದು, ಬೇಯಿಸಿ ತಿನ್ನುವುದು ಒಳ್ಳೆಯದು, ಹುಳದ ಹೊಟ್ಟೆಯೊಳಗಿನ ರೋಗಾಣುಗಳಲ್ಲಿ ಬಹುಪಾಲು ಬಿಸಿಗೆ ಸಾಯುತ್ತವೆ.

ತೋಟದ ಔಷಧಿಯನ್ನು ಮರೆಯಬಾರದು

ಜಾತಿ ಸರಿಯಾಗಿದ್ದರೂ ಜಾಗ ತಪ್ಪಿರಬಹುದು. ಮಳೆ ಹಿಡಿಯುವ ಮುನ್ನ ಕಾಫಿ ಎಲೆಯ ತುಕ್ಕು ರೋಗಕ್ಕೂ ಕರಿಮೆಣಸಿನ ಸೊರಗು ರೋಗಕ್ಕೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವದು, ತಾಮ್ರ ಮಣ್ಣಿಗಿಳಿಯುತ್ತದೆ. ಕೊರಕ ಹುಳುಗಳಿಗೆ ಕೀಟನಾಶಕವೂ ಬೀಳುತ್ತದೆ. ಅಣಬೆಯ ಎಳೆಗಳು ಮಣ್ಣಿನಲ್ಲಿರುವ ಲೋಹಗಳನ್ನು ಸೋಸಿ ತಮ್ಮಲ್ಲಿ ಕೂಡಿಟ್ಟುಕೊಳ್ಳಬಲ್ಲವು. ಇರುವೆ ಗೂಡಂತೂ ಔಷಧಿ ಬಿದ್ದ ಎಲೆಯಲ್ಲೇ ಇರುತ್ತದೆ. ಔಷಧಿ ಹೊಡೆದ ತೋಟದ, ಕಸ ಸುರಿದ ಜಾಗದ, ವಾಹನ ಓಡಾಡುವ ರಸ್ತೆಯಂಚಿನ ಅಣಬೆಯನ್ನೂ ಹುಳವನ್ನೂ ಬಿಟ್ಟುಬಿಡುವುದು ಜಾಣತನ.

ಯಾವ ಕಾಡಿನಿಂದ?

ನಾಗರಹೊಳೆ ರಾಷ್ಟ್ರೀಯ ಉದ್ಯಾನದಿಂದ ಅನುಮತಿಯಿಲ್ಲದೆ ಯಾವ ಅರಣ್ಯ ಉತ್ಪನ್ನವನ್ನೂ ತರುವಂತಿಲ್ಲ, ಅದು 1972ರ ವನ್ಯಜೀವಿ ಕಾಯ್ದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿ ಧಾಮಗಳಲ್ಲೂ ಕಾನೂನಿನ ಕಟ್ಟು ಇದೆ. ಕಾಡಿನಲ್ಲೇ ಬದುಕುತ್ತ ಬಂದ ಬುಡಕಟ್ಟುಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡುತ್ತದೆ. ಪ್ರವಾಸಿಗೆ ಆ ಹಕ್ಕಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚಿರುವ ದೇವರಕಾಡುಗಳಿಗೆ ಆಯಾ ಊರಿನ ಕಟ್ಟುಪಾಡಿದೆ. ಕೇಳದೆ ಕಾಲಿಡಬಾರದು.

ತಿಂದ ಮೇಲೆ ತೊಂದರೆಯಾದರೆ

ಹೊತ್ತು ನೋಡಿಕೊಳ್ಳಿ. ತಿಂದ ಆರು ಗಂಟೆಯ ನಂತರ ವಾಂತಿ ಭೇದಿ ಆರಂಭವಾದರೆ ಅದನ್ನು ಸಾಧಾರಣ ಹೊಟ್ಟೆಕೆಡುವಿಕೆ ಎಂದು ಭಾವಿಸಬೇಡಿ. ಬೇಗ ಆರಂಭವಾದರೆ ಸಾಮಾನ್ಯವಾಗಿ ಕಡಿಮೆ ಅಪಾಯ, ಆದರೆ ಎರಡು ಮೂರು ಬಗೆಯ ಅಣಬೆ ಬೆರೆತಿದ್ದರೆ ಆ ಸಮಾಧಾನವೂ ಇಲ್ಲ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು, ಮನೆಮದ್ದು ಹುಡುಕುವುದು ಬೇಡ. ಎಚ್ಚರವಿದ್ದರೆ ಓಆರ್‌ಎಸ್ ಕೊಡುತ್ತ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಮಳೆಗೆ ಮರ ಬಿದ್ದು ರಸ್ತೆ ಮುಚ್ಚುವ ಕಾಲ, ಆದ್ದರಿಂದ ಬೆಳಗಾಗಲಿ ಎಂದು ಕಾಯಬೇಡಿ. ಅದೇ ಸಾರು ಉಂಡ ಎಲ್ಲರನ್ನೂ, ಚೆನ್ನಾಗಿರುವವರನ್ನೂ, ಕರೆದೊಯ್ಯಿರಿ. "ಅಣಬೆ ತಿಂದಿದ್ದೇವೆ, ಇಷ್ಟು ಗಂಟೆಗೆ" ಎಂಬುದೇ ವೈದ್ಯರಿಗೆ ಹೇಳುವ ಮೊದಲ ಮಾತಾಗಲಿ. ವಾಂತಿ ನಿಂತಿತೆಂದು ತಾವಾಗಿಯೇ ಬಿಡಿಸಿಕೊಂಡು ಬರಬೇಡಿ, ಮುಂದಿನ ಎರಡು ಮೂರು ದಿನ ಲಿವರಿನ ರಕ್ತಪರೀಕ್ಷೆ ಮತ್ತೆ ಮತ್ತೆ ಆಗಬೇಕು. ಬೇಗ ಹೋದರೆ ಇದ್ದಿಲಿನ ಪುಡಿ, ಡ್ರಿಪ್, ಲಿವರ್ ಕಾಯುವ ಔಷಧಿಗಳಿಗೆ ಅವಕಾಶವಿದೆ. ತಡವಾದರೆ ಲಿವರ್ ಕಸಿಯೊಂದೇ ಉಳಿಯಬಹುದು.

ಕಾಡಿನಿಂದ ಅಣಬೆ ಬಂದ ದಿನ, ತೊಳೆದು ಹೆಚ್ಚುವ ಮುನ್ನ, ಬುಡ ಮುರಿಯದ ಒಂದು ಇಡೀ ಅಣಬೆಯನ್ನು ಬದಿಗೆ ತೆಗೆದಿಡಿ. ಪ್ಲಾಸ್ಟಿಕ್ಕಿನಲ್ಲಿ ಕೊಳೆಯುತ್ತದೆ, ಹಳೆಯ ಪೇಪರಿನಲ್ಲಿ ಸುತ್ತಿ ತಣ್ಣಗಿರುವ ಕಡೆ ಇಡಿ. ಮೂರು ದಿನ ಎಲ್ಲರೂ ಆರಾಮವಾಗಿದ್ದರೆ ಅದನ್ನು ಕಾಫಿ ಗಿಡದ ಬುಡಕ್ಕೆ ಎಸೆಯಬಹುದು. ಯಾರಿಗಾದರೂ ಏನಾದರೂ ಆದರೆ ಮಾತ್ರ, ಆ ಪೊಟ್ಟಣ ಅವರ ಜೊತೆ ಆಸ್ಪತ್ರೆಗೆ ಹೋಗಬೇಕು.